ಬೇಕಾಗಬಹುದು ಅಂತ ಕೊಂಡ ಗಾಡಿ

ಹೋದ ತಿಂಗಳ ಸಂಚಿಕೆ ಕೇಳಿದವರಿಗೆ ನೆನಪಿರಬಹುದು. ಇಲ್ಲಿಗೆ ಬಂದ ಮೇಲೆ ನಮ್ಮವರು ಕೊಳ್ಳುವ ಮೊದಲ ಕಾರು, ಎರಡನೇ ಕಾರು ಅಂತ ಮಾತು ನಡೀತಿದ್ದಾಗ ನಾನು ಮಧ್ಯೆ ಬಾಯಿ ಹಾಕಿ ಹೇಳಿದೆ: "ಕೊಲರಾಡೋದಲ್ಲಿ ಫೋರ್ ವೀಲ್ ಡ್ರೈವ್ ಇಲ್ದೆ ಆಗಲ್ಲ ಬಿಡಿ." ಎಲ್ಲರೂ ಹೂಂ ಅಂದರು, ಮಾತು ಮುಂದಕ್ಕೆ ಹೋಯಿತು. ಆಮೇಲೆ ಎಡಿಟ್ ಮಾಡುವಾಗ ಆ ವಾಕ್ಯವನ್ನು ಮೂರು ನಾಲ್ಕು ಸಲ ಕೇಳಬೇಕಾಯಿತು. ಆಫೀಸಿನಲ್ಲಿ ಯಾರಾದರೂ ಇಷ್ಟು ಧೈರ್ಯವಾಗಿ ಇಂಥ ಮಾತು ಹೇಳಿದ್ದರೆ, "ಡೇಟಾ ಎಲ್ಲಿದೆ?" ಅಂತ ಕೇಳುವವನು ನಾನೇ. ನನ್ನ ಮಾತಿಗೆ ಮಾತ್ರ ಆ ಪ್ರಶ್ನೆ ಕೇಳಿರಲಿಲ್ಲ.

ಹಾಗಾಗಿ ಈ ಬರಹ ಆ ಒಂದು ವಾಕ್ಯದ ವಿಮರ್ಶೆ. ಅದರ ಜೊತೆಗೆ, ಇಂಥ ಗಾಡಿ ಇಟ್ಟುಕೊಂಡವರು ಪರಿಸರದ ಮಾತು ಬಂದಾಗ ಕೊಡುವ ಸಮರ್ಥನೆಗಳ ವಿಮರ್ಶೆ ಕೂಡ. ನಾನೂ ಅವರಲ್ಲಿ ಒಬ್ಬ. ನಮ್ಮ ಮನೆ ಮುಂದೆ ನಿಂತಿರುವುದು ಟೊಯೋಟಾ ಫೋರ್‌ರನ್ನರ್, ಹಿಂದಿನ ತಲೆಮಾರಿನ ವಿ6 ಎಂಜಿನ್ನಿನದು. ಅದರ ಪಕ್ಕದಲ್ಲಿ ನನ್ನ ಹೆಂಡತಿಯ ಕೊರೊಲ್ಲಾ.

ಹೋದ ಜೂನ್‌ನಲ್ಲಿ ಮೂಡಿಗೆರೆಯಿಂದ ನನ್ನ ಸೋದರಮಾವ ಬಂದಿದ್ದರು. ಅವರದು ಕಾಫಿ ತೋಟ. ನಲವತ್ತು ವರ್ಷದಿಂದ ಜೀಪು ಓಡಿಸಿದವರು. ಬಂದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನನ್ನ ಗಾಡಿಗೆ ಒಂದು ಸುತ್ತು ಬಂದರು. ಬಗ್ಗಿ ಅಡಿಭಾಗ ನೋಡಿದರು. ಟೈರಿನ ಮೇಲೆ ಕೈ ಆಡಿಸಿದರು.

"ಗಾಡಿ ಭಾರಿ ಚೆನ್ನಾಗಿದೆ ಮಾರಾಯ. ಆದ್ರೆ ಇದಕ್ಕೆ ಕೆಸರೇ ತಾಗಿಲ್ವಲ್ಲ? ಯಾವ ಗುಡ್ಡ ಹತ್ತಿಸ್ತೀಯ ಇದನ್ನ?"

"ಚಳಿಗಾಲದಲ್ಲಿ ಬೇಕಾಗತ್ತೆ ಮಾವ," ಅಂದೆ.

"ಈಗ ಜೂನಲ್ವಾ?" ಅಂದರು. ವ್ಯಂಗ್ಯ ಏನೂ ಇರಲಿಲ್ಲ, ನಿಜವಾಗಿ ಕೇಳಿದ್ದು. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಮೊದಲು ಲೆಕ್ಕ

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪ್ರಕಾರ ನನ್ನ ಫೋರ್‌ರನ್ನರ್ ಗ್ಯಾಲನ್‌ಗೆ ಸರಾಸರಿ 17 ಮೈಲಿ ಕೊಡುತ್ತದೆ. ನಮ್ಮ ಭಾಷೆಯಲ್ಲಿ ಹೇಳಿದರೆ ಲೀಟರಿಗೆ 7.2 ಕಿಲೋಮೀಟರ್. ಕೊರೊಲ್ಲಾ ಸುಮಾರು 35 ಮೈಲಿ, ಅಂದರೆ ಲೀಟರಿಗೆ 15 ಕಿ.ಮೀ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.35 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ನಾನು ವರ್ಷಕ್ಕೆ ಸುಮಾರು 16,000 ಕಿ.ಮೀ. ಓಡಿಸುತ್ತೇನೆ. ಫೋರ್‌ರನ್ನರ್‌ನಲ್ಲಿ ಅಷ್ಟು ದೂರ ಹೋದರೆ 5.2 ಟನ್. ಕೊರೊಲ್ಲಾದಲ್ಲಿ ಹೋದರೆ 2.5 ಟನ್. ಅದೇ ರಸ್ತೆ, ಅದೇ ಆಫೀಸು, ಅದೇ ಇಂಡಿಯನ್ ಸ್ಟೋರು. ವ್ಯತ್ಯಾಸ ವರ್ಷಕ್ಕೆ 2.7 ಟನ್.

ಇಲ್ಲಿ ನಾವು ಸುಲಭವಾಗಿ ಮೋಸಹೋಗುವ ಒಂದು ಜಾಗ ಇದೆ. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಮೈಲೇಜ್ ಸಂಖ್ಯೆ ನಮ್ಮ ಕಣ್ಣು ಕಟ್ಟುತ್ತದೆ. ಲೀಟರಿಗೆ 15 ಕೊಡುವ ಕಾರು ಬಿಟ್ಟು 20 ಕೊಡುವುದನ್ನು ಕೊಂಡರೆ ದೊಡ್ಡ ಸಾಧನೆ ಅನಿಸುತ್ತದೆ. 7 ಇದ್ದದ್ದು 9 ಆದರೆ "ಅಷ್ಟೇನಾ" ಅನಿಸುತ್ತದೆ. ಆದರೆ 16,000 ಕಿ.ಮೀ.ಗೆ ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ ಉಳಿಯುವುದು 267 ಲೀಟರ್, ಎರಡನೆಯದರಲ್ಲಿ 508. ಅಂದರೆ ನಿಜವಾದ ನಷ್ಟ ಮತ್ತು ನಿಜವಾದ ಉಳಿತಾಯ ಎರಡೂ ದೊಡ್ಡ ಗಾಡಿಗಳ ಗುಂಪಿನಲ್ಲೇ ಇವೆ.

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ತಾನೇ ಎಷ್ಟು ಪೆಟ್ರೋಲ್ ಕುಡಿಯುತ್ತದೆ? ಹೋಂಡಾ ಸಿಆರ್-ವಿಯ 2023ರ ಪೆಟ್ರೋಲ್ ಮಾಡೆಲ್‌ನಲ್ಲಿ ಎರಡು ಚಕ್ರದ್ದು 30 ಮೈಲಿ, ನಾಲ್ಕು ಚಕ್ರದ್ದು 29 ಮೈಲಿ. ವರ್ಷಕ್ಕೆ ಸುಮಾರು 0.1 ಟನ್ ವ್ಯತ್ಯಾಸ, ಅಷ್ಟೇ. ಟೊಯೋಟಾ ರಾವ್4 ಹೈಬ್ರಿಡ್ ನಾಲ್ಕೂ ಚಕ್ರ ತಿರುಗಿಸುತ್ತಲೇ 40 ಮೈಲಿ ಕೊಡುತ್ತದೆ, ನಮ್ಮ ಕೊರೊಲ್ಲಾಗಿಂತ ಹೆಚ್ಚು. ಹಾಗಾದರೆ ನನ್ನ ಗಾಡಿಯ 2.7 ಟನ್‌ಗೆ ಕಾರಣ ಯಾವುದು? ಲಾರಿಗೆ ಇರುವಂಥ ಚಾಸಿ, ಎರಡು ಟನ್ನಿಗೂ ಮೀರಿದ ತೂಕ, ಗಾಳಿಗೆ ಎದೆಯೊಡ್ಡಿ ನಿಂತ ಆಕಾರ, ಹಳೆಯ ಕಾಲದ ದೊಡ್ಡ ಎಂಜಿನ್. ನಾವು "ಫೋರ್ ವೀಲ್ ಡ್ರೈವ್ ಬೇಕು" ಅಂತ ಹೇಳಿ ಕೊಳ್ಳುವುದು ಆ ಇಡೀ ದೇಹವನ್ನು. ಬೇಕು ಅಂದದ್ದರ ಬೆಲೆ ಕಡಿಮೆ, ಜೊತೆಗೆ ಬಂದದ್ದರ ಬೆಲೆ ಹೆಚ್ಚು.

"ಹಿಮ ಬಿದ್ದರೆ ಏನು ಮಾಡೋದು?"

ಇದು ಕೊಲರಾಡೋದ ಮೊದಲ ಸಮರ್ಥನೆ. ನನ್ನದೂ ಇದೇ. ಇದನ್ನು ಪರೀಕ್ಷಿಸಲು ರಾಜ್ಯದ ಕಾನೂನೇ ಸಾಕು. ಡೆನ್ವರ್‌ನಿಂದ ಪರ್ವತಗಳ ಕಡೆ ಹೋಗುವ ಐ-70 ಹೆದ್ದಾರಿಯಲ್ಲಿ, ಮಾರಿಸನ್‌ನಿಂದ ಡಾಟ್‌ಸೆರೋವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟ್ರ್ಯಾಕ್ಷನ್ ಕಾನೂನು ಜಾರಿಯಲ್ಲಿರುತ್ತದೆ. ಆ ಕಾನೂನು ಎಲ್ಲರೂ ಫೋರ್ ವೀಲ್ ಡ್ರೈವ್ ತರಬೇಕು ಅನ್ನುವುದಿಲ್ಲ. ಒಳ್ಳೆ ವಿಂಟರ್ ಟೈರ್ ಹಾಕಿದ ಸಾಮಾನ್ಯ ಕಾರೂ ನಡೆಯುತ್ತದೆ, ಇಲ್ಲವೇ ಚೈನ್ ಜೊತೆಗಿದ್ದರೂ ನಡೆಯುತ್ತದೆ. ಫೋರ್ ವೀಲ್ ಡ್ರೈವ್ ಇದ್ದವರಿಗೂ ಟೈರಿನ ಅಚ್ಚು ಕನಿಷ್ಠ 3/16 ಇಂಚು ಆಳ ಇರಲೇಬೇಕು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹವೆ ತೀರಾ ಕೆಟ್ಟಾಗ ಇನ್ನೊಂದು ಹಂತದ ನಿಯಮ ಬರುತ್ತದೆ. ಆಗ ಉಳಿದವರೆಲ್ಲ ಚೈನ್ ಕಟ್ಟಬೇಕು, ಅಚ್ಚು ಸರಿಯಿರುವ ಫೋರ್ ವೀಲ್ ಡ್ರೈವ್‌ಗೆ ವಿನಾಯಿತಿ ಇದೆ. ಅಂಥ ದಿನ ಮನೆಯಲ್ಲೇ ಇರುವುದು ಲೇಸು ಅನ್ನುವುದು ಬೇರೆ ಮಾತು.

ಕಾನೂನು ಟೈರಿನ ಮೇಲೆ ಯಾಕೆ ಕಣ್ಣಿಟ್ಟಿದೆ? ನಾಲ್ಕು ಚಕ್ರದ ಶಕ್ತಿ ನಿಮ್ಮನ್ನು ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸುವಾಗ ಅದರಿಂದ ಉಪಯೋಗವಿಲ್ಲ. ಬ್ರೇಕ್ ಯಾವ ಕಾರಿನಲ್ಲಾದರೂ ನಾಲ್ಕೂ ಚಕ್ರಕ್ಕೇ ಬೀಳುವುದು. ಹಿಮದ ಮೇಲೆ ನಿಲ್ಲುವುದು, ತಿರುಗುವುದು ಎರಡೂ ರಬ್ಬರಿನ ಕೆಲಸ. ಹಿಮ ಬಿದ್ದ ದಿನ ಭರ್ರಂತ ನನ್ನನ್ನು ದಾಟಿ ಹೋದ ದೊಡ್ಡ ಗಾಡಿಯನ್ನು ಎರಡು ಮೈಲಿ ಆದಮೇಲೆ ಚರಂಡಿಯಲ್ಲಿ ನೋಡಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ.

ನನ್ನದೇ ಲೆಕ್ಕ ಹೇಳ್ತೀನಿ. ಮಾವ ಊರಿಗೆ ಹೋದ ಮೇಲೆ ಒಂದು ನೋಟ್‌ಬುಕ್ ಗಾಡಿಯಲ್ಲಿಟ್ಟು, ಫೋರ್ ವೀಲ್ ಹಾಕಿದ ದಿನವೆಲ್ಲ ಬರೆದಿಟ್ಟೆ. ಒಂದು ವರ್ಷದಲ್ಲಿ ಹನ್ನೊಂದು ದಿನ. ಅದರಲ್ಲಿ ನಾಲ್ಕು ದಿನ ಊರೊಳಗೇ, ಸ್ನೋ ಪ್ಲೌ ಆಗಲೇ ರಸ್ತೆ ತೆರವು ಮಾಡಿದ ಮೇಲೆ, ಸುಮ್ಮನೆ ಸಮಾಧಾನಕ್ಕೆ ಹಾಕಿದ್ದು. ಲೋ ಗೇರ್ ಬೇಕಾದದ್ದು ಎರಡೇ ದಿನ. ಉಳಿದ ಮುನ್ನೂರೈವತ್ತು ಚಿಲ್ಲರೆ ದಿನ ಆ ಎರಡು ಟನ್ನನ್ನು ನಾನು ಆಫೀಸಿಗೂ ಮಗಳ ಡ್ಯಾನ್ಸ್ ಕ್ಲಾಸಿಗೂ ಹೊತ್ತುಕೊಂಡು ತಿರುಗಿದ್ದೇನೆ. ಪರ್ವತಕ್ಕೆ ಹೋದ ದಿನಗಳಿಗೂ ಬೇರೆ ದಾರಿ ಇತ್ತು. ಸ್ಕೀ ಸೀಸನ್‌ನಲ್ಲಿ ಸ್ನೋಸ್ಟ್ಯಾಂಗ್ ಅನ್ನುವ ಸರ್ಕಾರಿ ಬಸ್ ಇದೆ. ಡೆನ್ವರ್ ಯೂನಿಯನ್ ಸ್ಟೇಷನ್‌ನಿಂದ ವಿಂಟರ್ ಪಾರ್ಕ್‌ಗೆ ರೈಲಿದೆ. ಎರಡರಲ್ಲೂ ನಾನು ಹತ್ತಿಲ್ಲ.

"ತುರ್ತು ಸಮಯಕ್ಕೆ ಇರಲಿ" ಅನ್ನುವವರೂ ಇದ್ದಾರೆ. ತುರ್ತು ಅಂದರೆ ನನಗೆ ನೆನಪಾಗುವುದು 2021ರ ಡಿಸೆಂಬರ್ 30. ಬೌಲ್ಡರ್ ಕೌಂಟಿಯಲ್ಲಿ ಮಾರ್ಷಲ್ ಬೆಂಕಿ ಬಿದ್ದ ದಿನ. ಚಳಿಗಾಲದ ನಡುವೆ, ತಿಂಗಳುಗಟ್ಟಲೆ ಮಳೆ ಹಿಮ ಇಲ್ಲದೆ ಒಣಗಿದ ಹುಲ್ಲು, ಅದರ ಮೇಲೆ ಬಿರುಗಾಳಿ. ಸುಪೀರಿಯರ್, ಲೂಯಿವಿಲ್ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಒಂದೇ ದಿನದಲ್ಲಿ ಸುಟ್ಟುಹೋದವು. ಅಲ್ಲಿದ್ದ ನಮ್ಮ ಪರಿಚಯದ ಕುಟುಂಬ ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಮಲಗಿತು. ಅವರದು ಸಣ್ಣ ಕಾರು. ಮುಂದೆ ಹಿಂದೆ ದೊಡ್ಡ ದೊಡ್ಡ ಎಸ್‌ಯುವಿಗಳು, ಎಲ್ಲರೂ ಒಂದೇ ಟ್ರಾಫಿಕ್ಕಿನಲ್ಲಿ ಒಂದೇ ವೇಗದಲ್ಲಿ ತೆವಳಿಕೊಂಡು ಹೊರಗೆ ಬಂದರು. ಮರುದಿನ ಹಿಮ ಬಿತ್ತು. ಆ ಒಂದು ಬೆಂಕಿಗೆ ಇಂಥದ್ದೇ ಕಾರಣ ಅಂತ ಬೆರಳು ತೋರಿಸಲು ನಾನು ಹೋಗುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಹುಲ್ಲು ಹೀಗೆ ಹೊತ್ತಿಕೊಳ್ಳುವುದನ್ನು ನೋಡಿದ ಮೇಲೆ ಟನ್ನುಗಳ ಲೆಕ್ಕ ನನಗೆ ಬರೀ ಲೆಕ್ಕವಾಗಿ ಉಳಿದಿಲ್ಲ.

"ನಮಗೆ ಪ್ರಕೃತಿ ಅಂದ್ರೆ ಪ್ರಾಣ"

ಎರಡನೇ ಸಮರ್ಥನೆ ಇದು. ಇಂಥ ಗಾಡಿ ಇದ್ದರೆ ತಾನೇ ಕಾಡು ಬೆಟ್ಟ ನೋಡಲು ಆಗುವುದು, ನೋಡಿದರೆ ತಾನೇ ಉಳಿಸಬೇಕು ಅನಿಸುವುದು?

ಈ ಮಾತನ್ನು ನಮಗೆ ಕಲಿಸಿದ್ದು ಬೆಟ್ಟ ಅಲ್ಲ, ಜಾಹೀರಾತು. ಗಾಡಿಗಳ ಹೆಸರುಗಳನ್ನೇ ನೋಡಿ: ಟಾಹೋ, ಯುಕಾನ್, ಸಿಕ್ವೋಯಾ, ಟಂಡ್ರಾ, ಟೆಲ್ಯುರೈಡ್, ಕೊನೆಗೆ ಕೊಲರಾಡೋ. ಸರೋವರ, ನದಿ, ಮಹಾವೃಕ್ಷ, ಹಿಮಭೂಮಿ, ಬೆಟ್ಟದ ಊರು, ರಾಜ್ಯ. ಊರ ಕಡೆಯ ಥಾರ್ ಕೂಡ ಮರುಭೂಮಿಯ ಹೆಸರೇ. ಜಾಹೀರಾತಿನಲ್ಲಿ ಒಂದೇ ಗಾಡಿ, ತುದಿಯಲ್ಲಿ ನಿಂತಿರುತ್ತದೆ. ಅಲ್ಲಿ ಇನ್ನೊಂದು ಗಾಡಿ ಇರುವುದಿಲ್ಲ, ಪೆಟ್ರೋಲ್ ಬಂಕ್ ಇರುವುದಿಲ್ಲ, ಕಾಸ್ಟ್‌ಕೋ ಪಾರ್ಕಿಂಗ್ ಅಂತೂ ಇರುವುದೇ ಇಲ್ಲ.

2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಎಎಸ್‌ಎ ಟೊಯೋಟಾ ಹೈಲಕ್ಸ್‌ನ ಎರಡು ಜಾಹೀರಾತುಗಳನ್ನು ನಿಷೇಧಿಸಿತು. ಅದರಲ್ಲಿ ಹತ್ತಾರು ಪಿಕಪ್‌ಗಳು ಕಾಡುಪ್ರಾಣಿಗಳ ಹಿಂಡಿನ ಹಾಗೆ ಬಯಲು ದಾಟಿ, ನದಿ ಹಾಯ್ದು, ನಗರಕ್ಕೆ ಬರುತ್ತವೆ. ಪ್ರಕೃತಿಗೆ ಆಗುವ ಹಾನಿಯನ್ನು ಲೆಕ್ಕಿಸದ ಓಡಾಟವನ್ನು ಇದು ಒಪ್ಪುವಂತೆ ತೋರಿಸುತ್ತದೆ, ಸಮಾಜದ ಬಗ್ಗೆ ಹೊಣೆಗಾರಿಕೆ ಇಲ್ಲ ಅನ್ನುವುದು ತೀರ್ಪಿನ ಸಾರ. ರೈತರು, ಅರಣ್ಯ ಕೆಲಸದವರಂಥವರಿಗೆ ಇಂಥ ಗಾಡಿ ನಿಜವಾಗಿ ಬೇಕು ಅನ್ನುವುದು ಕಂಪನಿಯ ವಾದದ ಒಂದು ಭಾಗವಾಗಿತ್ತು. ವಾದ ಸುಳ್ಳಲ್ಲ. ಆದರೆ ಆ ಜಾಹೀರಾತಿನಲ್ಲಿ ಹಿಂಡು ಕೊನೆಗೆ ಹೋಗಿ ಸೇರುವುದು ನಗರದ ಬೀದಿಯನ್ನು. ರೈತನ ಅಗತ್ಯವನ್ನು ಮುಂದಿಟ್ಟು ಬೇರೆಯವರಿಗೆ ಮಾರುವ ಈ ಜಾಣತನವೇ ನನಗೆ ಈ ಇಡೀ ವಿಷಯದ ತಿರುಳು ಅನಿಸುತ್ತದೆ.

ನೋಡಿದರೆ ಉಳಿಸಬೇಕು ಅನಿಸುತ್ತದೆ ಅನ್ನುವ ಮಾತಿಗೂ ಒಂದು ಪರೀಕ್ಷೆ ಇದೆ. ನಮ್ಮ ಕಡೆಯವರು ಫೋರ್ ವೀಲ್ ಡ್ರೈವ್ ತಗೊಂಡ ಮೇಲೆ ಹೋಗುವ ಮೊದಲ ಯಾತ್ರೆ ಯೂಟಾದ ಮೋಆಬ್. ಅಲ್ಲಿಯ ಮರಳುನೆಲದ ಮೇಲೆ ಕಪ್ಪಗೆ ಒರಟೊರಟಾಗಿ ಕಾಣುವ ಒಂದು ಪದರ ಇರುತ್ತದೆ. ಅದು ಸೈನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಸೇರಿ ಕಟ್ಟಿಕೊಂಡ ಜೀವಂತ ಮಣ್ಣು. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ದಾರಿ ಬಿಟ್ಟು ಒಂದು ಸಲ ಚಕ್ರ ಹತ್ತಿದರೆ ಮತ್ತೆ ಮೊದಲಿನಂತಾಗಲು ದಶಕಗಳೇ ಬೇಕು. ದಾರಿಯ ಮೇಲೇ ಶಿಸ್ತಾಗಿ ಓಡಿಸುವವರು ಬಹಳ ಜನ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ವರ್ಷಕ್ಕೆ ಎರಡು ದಿನದ ಮೋಆಬ್‌ಗೆ ಗಾಡಿ ಅಲ್ಲೇ ಬಾಡಿಗೆಗೆ ಸಿಗುತ್ತದೆ.

"ಒಂದು ಸಲ ಊರಿಗೆ ಹೋಗಿ ಬಂದ್ರೆ ಮುಗೀತು"

ಮೂರನೆಯದು ನಮ್ಮವರದೇ ವಾದ, ಗಟ್ಟಿ ವಾದ. "ವರ್ಷಕ್ಕೊಂದ್ಸಲ ಬೆಂಗಳೂರಿಗೆ ಹಾರ್ತೀವಲ್ಲ, ಅದರ ಮುಂದೆ ಕಾರು ಯಾವ ಲೆಕ್ಕ?"

ಲೆಕ್ಕ ಮಾಡೋಣ. ಡೆನ್ವರ್‌ನಿಂದ ಬೆಂಗಳೂರು ಒಂದು ಕಡೆಗೆ 14,000 ಕಿ.ಮೀ.ಗೂ ಹೆಚ್ಚು. ಇಕಾನಮಿ ಸೀಟಿನ ಪಾಲು ಹೋಗಿ ಬರಲು ಸುಮಾರು ಎರಡರಿಂದ ಮೂರು ಟನ್. ನಾವು ಮೂರು ಜನ, ಅಂದರೆ ಆರರಿಂದ ಒಂಬತ್ತು ಟನ್. ನನ್ನ ಫೋರ್‌ರನ್ನರ್ ಇಡೀ ವರ್ಷ ಕಕ್ಕುವುದಕ್ಕಿಂತ ಹೆಚ್ಚು. ವಾದದ ಮೊದಲ ಅರ್ಧ ಸರಿ. ಇದನ್ನು ಮುಚ್ಚಿಟ್ಟು ಕಾರಿನ ಬಗ್ಗೆ ಮಾತ್ರ ಬರೆದಿದ್ದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ.

ಎರಡನೇ ಅರ್ಧ ಮಾತ್ರ ತಪ್ಪು. ದೊಡ್ಡ ಖರ್ಚು ಇದೆ ಅನ್ನುವುದು ಸಣ್ಣ ಖರ್ಚಿಗೆ ರಸೀದಿ ಆಗುವುದಿಲ್ಲ. ಅದಲ್ಲದೆ ಎರಡರ ಗುಣವೂ ಬೇರೆ. ಅಮ್ಮನನ್ನು ನೋಡಲು ವಿಮಾನ ಬಿಟ್ಟರೆ ಬೇರೆ ದಾರಿ ನನಗಿಲ್ಲ. ಎರಡು ವರ್ಷಕ್ಕೊಮ್ಮೆ ಹೋಗಿ ಹೆಚ್ಚು ದಿನ ಇರಬಹುದು, ಅಷ್ಟೇ. ಆಫೀಸಿಗೆ ಹೋಗಲು ಫೋರ್‌ರನ್ನರ್ ಬಿಟ್ಟರೆ ಹತ್ತು ದಾರಿ ಇದೆ, ಒಂದಂತೂ ಪಕ್ಕದಲ್ಲೇ ನಿಂತಿದೆ. ಬದಲಿ ಇಲ್ಲದ ಕಡೆ ಕಷ್ಟಪಟ್ಟು ಕಡಿಮೆ ಮಾಡಬೇಕು, ಬದಲಿ ಇರುವ ಕಡೆ ಸುಮ್ಮನೆ ಬದಲಾಯಿಸಬಹುದು. ವಿಮಾನದ ತಪ್ಪಿತಸ್ಥ ಭಾವನೆಯನ್ನು ಕಾರಿಗೆ ಪರ್ಮಿಟ್ಟಾಗಿ ಬಳಸುವುದು ನಾವು ನಮಗೇ ಮಾಡಿಕೊಳ್ಳುವ ಮೋಸ.

"ಆಗಲೇ ಇರೋ ಗಾಡಿ, ಮಾರಿದ್ರೆ ಇನ್ನೊಬ್ಬ ಓಡಿಸ್ತಾನೆ"

ನಾಲ್ಕನೆಯದು ನನಗೆ ಬಹಳ ಇಷ್ಟವಾದ ವಾದ, ಯಾಕೆಂದರೆ ಇದರಲ್ಲಿ ಸ್ವಲ್ಪ ನಿಜವಾದ ವಿಚಾರ ಇದೆ. ಹೊಸ ಕಾರು ತಯಾರಾಗುವಾಗಲೂ ಹೊಗೆ ಬರುತ್ತದೆ. ಹಳೆಯದನ್ನೇ ಇಟ್ಟುಕೊಂಡರೆ ಅದು ಉಳಿಯಿತಲ್ಲ?

ತಯಾರಿಕೆಗೆ ಹತ್ತು ಟನ್ ಅಂತಲೇ ಇಟ್ಟುಕೊಳ್ಳಿ. ನನ್ನ ಗಾಡಿ 3,20,000 ಕಿ.ಮೀ. ಓಡಿದರೆ, ಈ ಗಾಡಿಗಳು ಅಷ್ಟು ಓಡುತ್ತವೆ ಕೂಡ, ಸುಡುವ ಪೆಟ್ರೋಲ್‌ನಿಂದಲೇ ನೂರು ಟನ್ ದಾಟುತ್ತದೆ. ಬಾಳಿಕೆ ಇಲ್ಲಿ ಗುಣದ ಜೊತೆಗೆ ದೋಷವೂ ಹೌದು. ಹೆಚ್ಚು ಬಾಳಿದಷ್ಟೂ ಹೆಚ್ಚು ಕುಡಿಯುತ್ತದೆ.

ಮಾರಿದರೆ ಇನ್ನೊಬ್ಬ ಓಡಿಸುತ್ತಾನೆ ಅನ್ನುವುದು ಮಾತ್ರ ನಿಜ. ನಾನು ಮಾರಿದ ಕೂಡಲೇ ಆ ಹೊಗೆ ಆಕಾಶದಿಂದ ಮಾಯವಾಗುವುದಿಲ್ಲ, ನನ್ನ ಹೆಸರಿನಿಂದ ಮಾತ್ರ ಮಾಯವಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ಹೊಸದಾಗಿ ಕೊಳ್ಳುವವರು ಇಪ್ಪತ್ತು ವರ್ಷ ಓಡುವ ಒಂದು ಗಾಡಿಯನ್ನು ಜಗತ್ತಿಗೆ ಸೇರಿಸುತ್ತಿದ್ದಾರೆ. ಅವರು ಮಾರಿದ ಮೇಲೂ ಅದು ಓಡುತ್ತದೆ. ಅವರ ಹೊಣೆ ಅಲ್ಲೇ, ಶೋರೂಮಿನಲ್ಲೇ ಇದೆ. ಈಗಾಗಲೇ ಇಟ್ಟುಕೊಂಡವರ ಹೊಣೆ, ಅದನ್ನು ಎಷ್ಟು ಕಿಲೋಮೀಟರ್ ಓಡಿಸುತ್ತಾರೆ ಅನ್ನುವುದರಲ್ಲಿದೆ.

"ಎಲೆಕ್ಟ್ರಿಕ್ ತಗೊಂಡ್ರೆ ಆಯ್ತಲ್ಲ" ಅನ್ನುವವರಿಗೂ ಒಂದು ಮಾತು. ಹೊಗೆಯ ಕೊಳವೆ ಇಲ್ಲದಿರುವುದು ದೊಡ್ಡ ಲಾಭ, ಒಪ್ಪಿದೆ. ಆದರೆ ಜಿಎಂಸಿ ಹಮ್ಮರ್ ಇವಿ 9,000 ಪೌಂಡ್ ಮೀರುತ್ತದೆ, ನಾಲ್ಕು ಟನ್ನಿಗೂ ಹೆಚ್ಚು. ಅದರ ಬ್ಯಾಟರಿ ಒಂದರ ತೂಕವೇ ಒಂದು ಸಣ್ಣ ಕಾರಿನಷ್ಟು. ಅಷ್ಟು ಲೋಹದಲ್ಲಿ ಸಾಮಾನ್ಯ ಗಾತ್ರದ ಎರಡು ಮೂರು ಎಲೆಕ್ಟ್ರಿಕ್ ಕಾರುಗಳಿಗೆ ಬ್ಯಾಟರಿ ಆಗುತ್ತದೆ. ಇಂಧನ ಬದಲಾದರೂ ಗಾತ್ರದ ಪ್ರಶ್ನೆ ಹಾಗೇ ಉಳಿಯುತ್ತದೆ.

ಬಯ್ಯುವವರ ತಪ್ಪು

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ವಿಮರ್ಶೆ ಮಾಡಬೇಕು. ಎಸ್‌ಯುವಿ ಕಂಡ ಕೂಡಲೇ ಓಡಿಸುವವನ ನೈತಿಕತೆ ಅಳೆಯುವವರಿದ್ದಾರೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಐಇಎ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ 48 ಶೇಕಡಾ ಎಸ್‌ಯುವಿಗಳೇ. ಎಲ್ಲ ಎಸ್‌ಯುವಿಗಳನ್ನು ಸೇರಿಸಿ ಒಂದು ದೇಶ ಅಂದುಕೊಂಡರೆ, ಹೊಗೆಯಲ್ಲಿ ಜಪಾನನ್ನೂ ಮೀರಿ ಐದನೇ ಸ್ಥಾನ. ಅರ್ಧ ಜಗತ್ತಿಗೆ ಒಂದೇ ಸಲ ನೀತಿ ಕೆಟ್ಟಿತು ಅನ್ನುವುದು ಒಳ್ಳೆ ವಿವರಣೆಯಲ್ಲ. ಯಾರೋ ದಾರಿ ಮಾಡಿಕೊಟ್ಟಿರಬೇಕು.

ದಾರಿ ಮಾಡಿಕೊಟ್ಟದ್ದು ಕಾನೂನು. ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಅಮೆರಿಕ ಮೈಲೇಜ್ ನಿಯಮ ತಂದಾಗ ಕಾರುಗಳಿಗೂ 'ಲೈಟ್ ಟ್ರಕ್'ಗಳಿಗೂ ಬೇರೆ ಬೇರೆ ಗುರಿ ಇಡುವ ವ್ಯವಸ್ಥೆ ಬಂತು. ಟ್ರಕ್ ಅಂದರೆ ರೈತರ, ಕೆಲಸಗಾರರ ಗಾಡಿ ಅನ್ನುವುದು ಹಿಂದಿನ ವಿಚಾರ. ಹತ್ತೊಂಬತ್ತುನೂರ ತೊಂಬತ್ತರ ದಶಕದ ಕೊನೆಗೆ ಕಾರಿಗೆ 27.5 ಮೈಲಿ, ಲೈಟ್ ಟ್ರಕ್‌ಗೆ 20.7 ಮೈಲಿ. 1978ರಲ್ಲಿ ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ ಹಾಕಿದ ವಿಶೇಷ ತೆರಿಗೆ ಎಸ್‌ಯುವಿಗೆ ಇವತ್ತಿಗೂ ಅನ್ವಯಿಸುವುದಿಲ್ಲ. 2003ರಲ್ಲಂತೂ 6,000 ಪೌಂಡ್ ಮೀರಿದ ಗಾಡಿಯನ್ನು ವ್ಯಾಪಾರಕ್ಕೆ ಅಂತ ತೋರಿಸಿದರೆ 1 ಲಕ್ಷ ಡಾಲರ್‌ವರೆಗೆ ತೆರಿಗೆ ಲೆಕ್ಕದಲ್ಲಿ ಕಳೆಯಬಹುದಿತ್ತು. ಮರುವರ್ಷ ಅದನ್ನು 25,000ಕ್ಕೆ ಇಳಿಸಿದರು.

ನಮ್ಮ ವಿಷಯಕ್ಕೆ ನೇರವಾಗಿ ಸೇರುವುದು ಇದು: ಇಂದಿನ ನಿಯಮದಲ್ಲಿ ಒಂದೇ ಸಣ್ಣ ಎಸ್‌ಯುವಿಯ ಎರಡು ಚಕ್ರದ ಮಾಡೆಲ್ 'ಕಾರು', ನಾಲ್ಕು ಚಕ್ರದ ಮಾಡೆಲ್ 'ಟ್ರಕ್'. ಫೋರ್ ವೀಲ್ ಡ್ರೈವ್ ಸೇರಿಸಿದರೆ ಕಂಪನಿಗೆ ಸುಲಭದ ಗುರಿ. 2004ರಲ್ಲಿ ಸುಬಾರು ತನ್ನ ಔಟ್‌ಬ್ಯಾಕ್ ಕಾರನ್ನು ನೆಲದಿಂದ ಸ್ವಲ್ಪ ಎತ್ತರಿಸಿ ಟ್ರಕ್ ವರ್ಗಕ್ಕೆ ಸೇರಿಸಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. 2025ರ ಜುಲೈಯಲ್ಲಿ ಈ ಮೈಲೇಜ್ ನಿಯಮ ಮುರಿದರೆ ಕಟ್ಟಬೇಕಾದ ದಂಡವನ್ನೇ ಸೊನ್ನೆ ಮಾಡಿದರು.

ಆಸ್ಟ್ರೇಲಿಯಾದಲ್ಲಿರುವ ಕೇಳುಗರು ನಗಬೇಕಾಗಿಲ್ಲ. ಅಲ್ಲಿ 2025ರಲ್ಲಿ ಜಾರಿಗೆ ಬಂದ ಹೊಸ ನಿಯಮದಲ್ಲೂ, ಲಾರಿ ಚಾಸಿಯ ಮೇಲೆ ಕಟ್ಟಿದ, ಮೂರು ಟನ್ ಎಳೆಯಬಲ್ಲ ದೊಡ್ಡ ಫೋರ್ ವೀಲ್ ಡ್ರೈವ್‌ಗಳನ್ನು ಕೊನೇ ಗಳಿಗೆಯಲ್ಲಿ ಸಡಿಲ ಗುರಿಯ ಸರಕು ವಾಹನಗಳ ಸಾಲಿಗೆ ದಾಟಿಸಿದರು. ಪ್ಯಾರಿಸ್ ಮಾತ್ರ ಎದುರು ದಾರಿ ಹಿಡಿಯಿತು. 2024ರ ಫೆಬ್ರವರಿಯಲ್ಲಿ ಜನಮತ ಕೇಳಿ, ಹೊರಗಿನಿಂದ ಬರುವ ಭಾರದ ಗಾಡಿಗಳಿಗೆ ಪಾರ್ಕಿಂಗ್ ದರವನ್ನು ಮೂರು ಪಟ್ಟು ಮಾಡಿತು. ಮತ ಹಾಕಿದವರು ನೂರಕ್ಕೆ ಆರು ಜನವೂ ಇರಲಿಲ್ಲ ಅನ್ನುವುದನ್ನೂ ಹೇಳಬೇಕು.

ಕಾನೂನು ತಪ್ಪಾಗಿದೆ ಅಂದ ಮಾತ್ರಕ್ಕೆ ನನ್ನ ಕೈ ತೊಳೆದುಕೊಂಡ ಹಾಗಾಗುವುದಿಲ್ಲ. ಆದರೆ ಪಕ್ಕದ ಮನೆಯವನನ್ನು ಬಯ್ಯುವ ಬದಲು ಆ ಸಿಟ್ಟನ್ನು ನಿಯಮದ ಕಡೆ ತಿರುಗಿಸಿದರೆ ಹೆಚ್ಚು ಟನ್ ಉಳಿಯುತ್ತದೆ.

ಮಾವನ ಜೀಪು

ಹಾಗಾದರೆ ಫೋರ್ ವೀಲ್ ಡ್ರೈವ್ ಇಟ್ಟುಕೊಳ್ಳುವುದಕ್ಕೆ ಪರಿಸರದ ದೃಷ್ಟಿಯಿಂದ ಸಮರ್ಥನೆ ಇರುವುದೇ ಇಲ್ಲವಾ? ಇದೆ. ನಾನು ಅದನ್ನು ಹತ್ತಿರದಿಂದ ನೋಡಿ ಬೆಳೆದಿದ್ದೇನೆ.

ಮಾವನ ಹಳೇ ಮಹೀಂದ್ರ ಜೀಪು ಮೈಲೇಜಿನಲ್ಲಿ ಏನೂ ಹೆಚ್ಚಲ್ಲ, ಹೊಗೆಯೂ ಕಪ್ಪಗೆ. ಆದರೆ ಮಳೆಗಾಲ ಶುರುವಾದರೆ ತೋಟದ ಮಣ್ಣಿನ ಏರಿನಲ್ಲಿ ಬೇರೆ ಯಾವುದೂ ಹತ್ತುವುದಿಲ್ಲ. ಗೊಬ್ಬರ, ಕಾಫಿ ಮೂಟೆ, ಗ್ಯಾಸ್ ಸಿಲಿಂಡರ್, ಲೈನ್ ಮನೆಯ ಮಕ್ಕಳು, ಹೆರಿಗೆಗೆ ಹೊರಟ ಹೆಂಗಸರು, ಎಲ್ಲರಿಗೂ ಅದೊಂದೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡ ಕುಸಿದಾಗ ಎರಡು ದಿನ ಆ ಜೀಪು ನಿಂತಿದ್ದೇ ಇಲ್ಲ. ಮೂಡಿಗೆರೆ ಪೇಟೆಗೆ ಹೋಗುವಾಗ ಮಾತ್ರ ಮಾವ ಅದನ್ನು ತೆಗೆಯುತ್ತಿರಲಿಲ್ಲ. "ಡೀಸೆಲ್ ಯಾಕೆ ಸುಮ್ನೆ" ಅಂತ ಬಸ್ಸಿಗೆ ಹೋಗುತ್ತಿದ್ದರು.

ಅವರಿಗೆ ಇದು ಪರಿಸರ ನೀತಿ ಅಂತ ಗೊತ್ತೇ ಇರಲಿಲ್ಲ. ಆದರೆ ನಾನು ಇಲ್ಲಿಯವರೆಗೆ ತೂಗಿ ನೋಡಿದ ಸಮರ್ಥನೆಗಳಲ್ಲಿ ಯಾವುದರಲ್ಲೂ ಇಲ್ಲದ ಮೂರು ವಿಷಯ ಅವರ ಜೀಪಿನಲ್ಲಿದ್ದವು. ಕೆಲಸಕ್ಕೆ ಬೇರೆ ಬದಲಿ ಇರಲಿಲ್ಲ. ಒಂದು ಗಾಡಿ ಇಪ್ಪತ್ತು ಮನೆಗೆ ಆಗುತ್ತಿತ್ತು. ಬೇಡದ ದಿನ ಅದು ಶೆಡ್ಡಿನಲ್ಲೇ ಇರುತ್ತಿತ್ತು. ನನ್ನ ಗಾಡಿಯಲ್ಲಿ ಮೂರೂ ಇಲ್ಲ. ನಾನು ಕೊಂಡದ್ದು ಅಗತ್ಯವನ್ನಲ್ಲ, "ಬೇಕಾಗಬಹುದು" ಅನ್ನುವ ಮಾತನ್ನು. ಅದು ಇನ್ಶೂರೆನ್ಸ್ ಇದ್ದ ಹಾಗೆ, ತಪ್ಪಲ್ಲ. ಆದರೆ ಅದರ ಕಂತನ್ನು ನಾನು ಪ್ರತಿದಿನ ಪೆಟ್ರೋಲಿನಲ್ಲಿ ಕಟ್ಟುತ್ತಿದ್ದೇನೆ, ಮತ್ತು ಪೂರ್ತಿ ನಾನೊಬ್ಬನೇ ಕಟ್ಟುತ್ತಿಲ್ಲ. ಕಾಫಿಗೆ ಹೂಮಳೆ ಸರಿಯಾದ ಹೊತ್ತಿಗೆ ಬೀಳುತ್ತಿಲ್ಲ ಅಂತ ಈಚೆಗೆ ಪ್ರತಿ ಫೋನಿನಲ್ಲೂ ಮಾವ ಹೇಳುತ್ತಾರೆ.

ಕೊನೆಗೆ ನಾವು ಮನೆಯಲ್ಲಿ ಮಾಡಿದ್ದು ಬಹಳ ಸಣ್ಣ ಕೆಲಸ. ಬೀಗದ ಕೈ ಅದಲು ಬದಲು ಮಾಡಿಕೊಂಡೆವು. ಇಲ್ಲಿಯವರೆಗೆ ವರ್ಷಕ್ಕೆ 16,000 ಕಿ.ಮೀ. ಓಡುವ ನಾನು ಫೋರ್‌ರನ್ನರ್, 8,000 ಕಿ.ಮೀ. ಓಡುವ ಹೆಂಡತಿ ಕೊರೊಲ್ಲಾ ಓಡಿಸುತ್ತಿದ್ದೆವು. ಯಾಕೆ ಹಾಗೆ ಅಂತ ಯಾರೂ ಕೇಳಿರಲಿಲ್ಲ, ಅದು "ನನ್ನ ಗಾಡಿ" ಆಗಿತ್ತು. ಈಗ ಅವಳು ಹತ್ತಿರದ ಕೆಲಸಕ್ಕೆ ಅದನ್ನು ತೆಗೆದುಕೊಂಡು ಹೋಗುತ್ತಾಳೆ, ನಾನು ಕೊರೊಲ್ಲಾದಲ್ಲಿ ಆಫೀಸಿಗೆ. ಅದಕ್ಕೆ ಒಂದು ಸೆಟ್ ವಿಂಟರ್ ಟೈರ್ ಹಾಕಿಸಿದ್ದಾಯಿತು. ಹೊಸದೇನೂ ಕೊಳ್ಳದೆ ವರ್ಷಕ್ಕೆ ಸುಮಾರು 570 ಲೀಟರ್ ಪೆಟ್ರೋಲ್, 1.3 ಟನ್ ಹೊಗೆ ಉಳಿಯುತ್ತದೆ. ಎದುರು ಮನೆಯವರಿಗೂ ಹೇಳಿದ್ದೇನೆ: ಟ್ರೇಲರ್ ಎಳೆಯಬೇಕಾದರೆ, ಬೆಟ್ಟಕ್ಕೆ ಹೋಗಬೇಕಾದರೆ ನಮ್ಮದನ್ನೇ ತಗೊಂಡು ಹೋಗಿ, ಇನ್ನೊಂದು ಕೊಳ್ಳಬೇಡಿ. ಅವರು ಎರಡು ಸಲ ತೆಗೆದುಕೊಂಡು ಹೋದರು. ಒಂದು ಸಲ ಕೆಸರು ಮೆತ್ತಿಕೊಂಡು ಬಂತು. ತೊಳೆಯುವ ಮೊದಲು ಫೋಟೋ ತೆಗೆದು ಮಾವನಿಗೆ ಕಳಿಸಿದೆ.

ಇದರಿಂದ ನನ್ನ ಗಾಡಿಗೆ ಸಮರ್ಥನೆ ಸಿಕ್ಕಿತು ಅಂತ ಹೇಳುವುದಿಲ್ಲ. ಇನ್ನೂ 8,000 ಕಿ.ಮೀ. ಅದು ಸುಮ್ಮನೆ ಊರೊಳಗೇ ಓಡುತ್ತಿದೆ. ಆದರೆ ಆ ಸಂಚಿಕೆಯಲ್ಲಿ ಹೇಳಿದ ವಾಕ್ಯವನ್ನು ತಿದ್ದಿಕೊಳ್ಳಬಹುದು: ಕೊಲರಾಡೋದಲ್ಲಿ ವರ್ಷಕ್ಕೆ ಏಳು ದಿನ ನನಗೆ ಫೋರ್ ವೀಲ್ ಡ್ರೈವ್ ಉಪಯೋಗಕ್ಕೆ ಬರತ್ತೆ, ಅದರಲ್ಲಿ ಎರಡು ದಿನ ಇಲ್ದೆ ಆಗಲ್ಲ.

ನಿಮ್ಮ ಮನೆ ಮುಂದೆಯೂ ಇಂಥದ್ದೊಂದು ನಿಂತಿದ್ದರೆ ಒಂದು ವರ್ಷ ನೋಟ್‌ಬುಕ್ ಇಟ್ಟು ನೋಡಿ. ದುಬೈನ ಮರಳಾಗಲಿ, ಕ್ಯಾಲ್ಗರಿಯ ಹಿಮವಾಗಲಿ, ನಿಮ್ಮ ಸಂಖ್ಯೆ ಎಷ್ಟು ಬಂತು ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಓದೋಣ.